ಜೊತೆಗೆ ಯಾರು ಬಂದಿದ್ದಾರೆ?

ನಮ್ಮೂರ ಆಸ್ಪತ್ರೆಯಲ್ಲಿ ನನ್ನನ್ನು ಯಾರೂ ಮೊದಲು ನೋಡುವುದಿಲ್ಲ. ನನ್ನ ಹಿಂದೆ ಯಾರು ನಿಂತಿದ್ದಾರೆ ಅಂತ ನೋಡುತ್ತಾರೆ. ನನ್ನ ಮೂರು ಗಾಲಿಯ ಗಾಡಿ ಬಾಗಿಲಲ್ಲಿ ಕಾಣಿಸಿದ್ದೇ ತಡ, ಚೀಟಿ ಕೊಡುವವನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಜೊತೆಗೆ ಯಾರು ಬಂದಿದ್ದಾರೆ?" ಅಲ್ಲ ಸ್ವಾಮಿ, ನಾನು ಬಂದಿದ್ದೇನಲ್ಲ, ನಾನೇನು ಯಾರೋ ಮರೆತು ಬಿಟ್ಟುಹೋದ ಚೀಲವೇ? ಹಾಗಂತ ಒಂದು ಸಲ ಕೇಳಿಯೂ ಬಿಟ್ಟೆ. ಚೀಟಿಯವನು ನಕ್ಕು, ನನ್ನ ತಲೆಯ ಮೇಲಿಂದ ಹಿಂದಕ್ಕೆ ನೋಡಿ, "ಯಾರಾದ್ರೂ ಇದ್ರೆ ಕಳ್ಸಮ್ಮ" ಅಂದ.

ನನ್ನ ಹೆಸರು ಚಿಕ್ಕತಾಯಮ್ಮ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿತು ಅಂತ ಕೂಗುವುದು ನನ್ನ ಕೆಲಸ. ನಾನು ಅಲ್ಲಿಗೆ ಹೋಗಿ ಅಂದರೆ ಊರಿಗೆ ಊರೇ ಮಕ್ಕಳುಮರಿ ಎತ್ತಿಕೊಂಡು ಅಲ್ಲಿಗೆ ಓಡುತ್ತದೆ. ನನ್ನ ಮಾತನ್ನು ಅಷ್ಟು ನಂಬುವ ಜನ, ನನ್ನ ಹೊಟ್ಟೆ ನೋಯುತ್ತಿದೆ ಅಂದರೆ ನಂಬಲಿಲ್ಲ.

ನಮ್ಮೂರಲ್ಲಿ ಒಬ್ಬರ ಕಾಯಿಲೆಯನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಅಂಗೈಗೆ ಅಂಗೈ ಸೇರಿಸಿ ಇವರು "ಕೊಟ್ಟೆ" ಅನ್ನಬೇಕು, ಅವರು "ತಗೊಂಡೆ" ಅನ್ನಬೇಕು. ಮದುಮಗಳಿಗೆ ಮುಹೂರ್ತದ ದಿನವೇ ಹಲ್ಲುನೋವು ಬಂದರೆ ಸೋದರತ್ತೆ ಎತ್ತಿಕೊಂಡು, ಊದಿದ ಕೆನ್ನೆ ಹಿಡಿದು ಅಡುಗೆಮನೆಯಲ್ಲಿ ಕೂರುತ್ತಾಳೆ. ಪರೀಕ್ಷೆಗೆ ಹೊರಟ ಮೊಮ್ಮಗನ ಜ್ವರವನ್ನು ಅಜ್ಜಿ ಎತ್ತಿಕೊಂಡು ಕಂಬಳಿ ಹೊದ್ದು ಮಲಗುತ್ತಾಳೆ. ಸಾಹೇಬರ ತಲೆನೋವು ಎತ್ತಿ ಎತ್ತಿಯೇ ಬಡ್ತಿ ಹೊಡೆದ ಗುಮಾಸ್ತರೂ ಇದ್ದಾರೆ. ಒಂದೇ ಒಂದು ಕಟ್ಟು: ಹೊತ್ತು ಮುಳುಗುವುದರೊಳಗೆ ವಾಪಸ್ಸು ಕೊಡಬೇಕು. ಮುಳುಗಿತೋ, ಅದು ಎತ್ತಿಕೊಂಡವರದೇ. ಹಾಗಾಗಿ ಸಂಜೆಯಾದರೆ ನಮ್ಮ ಬೀದಿಗಳಲ್ಲಿ ಕೆಮ್ಮುತ್ತ, ಕುಂಟುತ್ತ, ಸೊಂಟ ಹಿಡಿದುಕೊಂಡು ಧಾವಿಸುವವರ ಗಲಾಟೆ ನೋಡಬೇಕು. ಅತ್ತೆಯ ಮಂಡಿನೋವು ಎತ್ತಿಕೊಂಡ ಸೊಸೆ ಬಾಗಿಲು ಬಡಿದರೆ, ಅತ್ತೆ ಒಳಗಿನಿಂದ ನಿದ್ದೆ ಬಂದವಳ ಹಾಗೆ ಗೊರಕೆ ಹೊಡೆಯುವುದೂ ಉಂಟು.

ನನ್ನ ಕಾಲುಗಳನ್ನು ಮಾತ್ರ ಯಾರಿಗೂ ಎತ್ತಿಕೊಳ್ಳಲು ಆಗಲಿಲ್ಲ. ನಾನು ಕೂಸಾಗಿದ್ದಾಗ ಅವ್ವ ನನ್ನ ಅಂಗೈಗಳನ್ನು ತನ್ನ ಅಂಗೈಗೆ ಒತ್ತಿ ಒತ್ತಿ ಅತ್ತಳಂತೆ. ಅಪ್ಪ ನೋಡಿದ, ಅಜ್ಜಿ ನೋಡಿದಳು, ಕೇರಿಯ ಹೆಂಗಸರೆಲ್ಲ ಒಂದೊಂದು ಕೈ ನೋಡಿದರು. ಯಾರ ಕಾಲೂ ಸಣ್ಣಗಾಗಲಿಲ್ಲ, ನನ್ನವು ದಪ್ಪಗಾಗಲಿಲ್ಲ. ಹೇಗೆ ಹೋದಾವು? ಅದು ಕಾಯಿಲೆಯಲ್ಲ, ನನ್ನ ಕಾಲು. ಅಕ್ಷರ ಬಾರದ ಅಜ್ಜಿಗೆ ಅಂದೇ ಅರ್ಥವಾಗಿ, "ಸುಮ್ಕಿರ್ರೇ, ಮಗೀಗೆ ಏನೂ ಆಗಿಲ್ಲ" ಅಂದಳಂತೆ. ಆಸ್ಪತ್ರೆಯವರಿಗೆ ಇವತ್ತಿಗೂ ಅರ್ಥವಾಗಿಲ್ಲ.

ಆಸ್ಪತ್ರೆಯ ಪದ್ಧತಿಯೇ ಬೇರೆ. ಕಣ್ಣು ಕಾಣದವರು, ಕಿವಿ ಕೇಳದವರು, ಬೆನ್ನು ಬಾಗಿದವರು, ನನ್ನಂಥ ಗಾಡಿಯವರು, ನಮ್ಮನ್ನು ಅವರು ನಮ್ಮ ಮೈಯಲ್ಲೇ ಪರೀಕ್ಷೆ ಮಾಡುವುದಿಲ್ಲ. ನಮ್ಮ ಮೈಯಲ್ಲಿ ಕಾಯಿಲೆ ಯಾವುದು, ಮೈ ಯಾವುದು ತಿಳಿಯುವುದಿಲ್ಲವಂತೆ. ನೆಟ್ಟಗಿರುವ ಯಾರಿಂದಲಾದರೂ ಕಾಯಿಲೆ ಎತ್ತಿಸಿಕೊಂಡು ಬರಬೇಕು, ಅವರ ಮೈಯಲ್ಲಿ ನೋಡುತ್ತಾರೆ. ಎತ್ತುವವರು ಇಲ್ಲದಿದ್ದರೆ ನೋವಿನ ಮಾತ್ರೆ, ಹೋಗಿ ಬನ್ನಿ. ಇದನ್ನು ಯಾರೂ ಅನ್ಯಾಯ ಅನ್ನುವುದಿಲ್ಲ. ಪಾಪ, ಅವರಿಗೆ ಅನುಕೂಲವಾಗಲಿ ಅಂತ ಮಾಡಿರೋದು ಅನ್ನುತ್ತಾರೆ. ಆ ಪಾಪ ಅನ್ನುವ ಮಾತು ಕೇಳಿದರೆ ನನ್ನ ಮೈಯೆಲ್ಲ ಉರಿಯುತ್ತದೆ.

ನನಗೆ ಹೊಟ್ಟೆನೋವು ಶುರುವಾದದ್ದು ಮದುವೆಯಾದ ಮಾರನೇ ವರ್ಷ. ಗಂಡ ಕೆಂಪರಾಜು ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಮೈಕಿನಲ್ಲಿ ನನ್ನ ದನಿ ಕೇಳಿ ಕೇಳಿ, ದಿನಾ ಸುಮ್ಮಸುಮ್ಮನೆ ಕಿಟಕಿಯ ಹತ್ತಿರ ಬಂದು ಯಾವುದಾದರೂ ಒಂದು ಬಸ್ಸು ವಿಚಾರಿಸುತ್ತಿದ್ದ. ಡಿಪೋದವನಿಗೇ ಬಸ್ಸು ಗೊತ್ತಿಲ್ಲವೇ ಅಂತ ನಾನು ಬೈದೆ. ಅಲ್ಲಿಂದ ಶುರುವಾಗಿ ಮದುವೆಗೆ ಬಂದು ನಿಂತಿತು. ನಾನು ಅವನನ್ನು ಹೆಸರು ಹಿಡಿದೇ ಕರೆಯುತ್ತೇನೆ. ನನ್ನ ಓರಗಿತ್ತಿ, ಅಂದರೆ ಅವನ ಅಣ್ಣನ ಹೆಂಡತಿ ರಾಜಮ್ಮಣ್ಣಿಗೆ, ಅದೂ ಒಂದು ಸಿಟ್ಟು. ಈ ಮದುವೆಯೇ ಬೇಡ ಅಂದವಳು ಅವಳು. "ಬಿಂದಿಗೆ ನೀರು ತರೋಕಾಗದವಳನ್ನ ಕಟ್ಕೊಂಡು ಏನ್ ಮಾಡ್ತೀಯೋ?" ಅಂತ ನನ್ನೆದುರಿಗೇ ಕೇಳಿದ್ದಳು. ನಾವು ಬೇರೆ ಮನೆ ಮಾಡಿದ ಮೇಲೆ ಹಬ್ಬಕ್ಕೆ ಹೋಗುವುದು, ಎಲೆ ಮುಂದೆ ಕೂರುವುದು, ಬರುವುದು, ಅಷ್ಟೇ ಬಳಕೆ.

ನನಗೆ ಮಗು ಬೇಕಿತ್ತು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಕೆಂಪರಾಜುಗೂ ಬೇಕಿತ್ತು. ಹೆಣ್ಣಾದರೆ ಏನು ಹೆಸರು, ಗಂಡಾದರೆ ಏನು ಹೆಸರು ಅಂತ ಜಗಳವಾಡುತ್ತಿದ್ದೆವು. ಅಷ್ಟರಲ್ಲಿ ಕೆಳಹೊಟ್ಟೆಯಲ್ಲಿ ಯಾರೋ ಹಿಡಿದು ಹಿಂಡಿದ ಹಾಗೆ ನೋವು. ಮುಟ್ಟಾದರೆ ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ, ಅಷ್ಟು ರಕ್ತ. ಇಬ್ಬರೂ ಆಸ್ಪತ್ರೆಗೆ ಹೋದೆವು.

ದೊಡ್ಡ ಡಾಕ್ಟರು ಕೆಟ್ಟವರಲ್ಲ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಬೈದು ಬರಬಹುದಿತ್ತು. ಮೆತ್ತಗೆ ಮಾತಾಡುವವರು, ಬಡವರಿಗೆ ಕೈಯಿಂದ ದುಡ್ಡು ಹಾಕಿ ಔಷಧಿ ಕೊಡಿಸುವವರು. ನನ್ನನ್ನು ನೋಡಿ ನಕ್ಕು, ಕೆಂಪರಾಜುವನ್ನು ಕೇಳಿದರು, "ಇವರಿಗೆ ಯಾವಾಗಿಂದ ನೋವು?"

"ಮೂರು ತಿಂಗಳಾಯ್ತು ಡಾಕ್ಟ್ರೆ," ಅಂದೆ ನಾನು.

ಅವರು ತಲೆಯಾಡಿಸಿ ಮತ್ತೆ ಅವನನ್ನೇ ಕೇಳಿದರು, "ಊಟ ಎಲ್ಲ ಮಾಡ್ತಾರಾ? ನೀವು ಇವರ ಅಣ್ಣನಾ?"

"ಗಂಡ ಸಾರ್."

ಡಾಕ್ಟರು ಪೆನ್ನು ಕೆಳಗಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಎದ್ದು ಬಂದು ಅವನ ಕೈ ಹಿಡಿದುಕೊಂಡು, "ದೊಡ್ಡ ಮನಸ್ಸು ಕಣಪ್ಪ ನಿಮ್ದು" ಅಂದರು.

"ಯಾಕೆ ಸಾರ್?" ಅಂದ ಕೆಂಪರಾಜು. ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ. ಈಚೆಗೆ ಬಂದಮೇಲೆ ನಾನೇ ಬಿಡಿಸಿ ಹೇಳಬೇಕಾಯಿತು. ಹೇಳುವಾಗ ನಕ್ಕೆ, ಆಮೇಲೆ ದಾರಿಯುದ್ದಕ್ಕೂ ಗಾಡಿಯನ್ನು ಅವನಿಗಿಂತ ಮುಂದೆ ಓಡಿಸಿದೆ.

ಅವತ್ತು ಡಾಕ್ಟರು ನನ್ನ ಹೊಟ್ಟೆ ಮುಟ್ಟಲಿಲ್ಲ. ಸದಾ ಕೂತೇ ಇರುತ್ತಾರಲ್ಲ, ಕಾಲಿನ ನರ ಹಿಡಿದು ನೋವು ಹೊಟ್ಟೆಗೆ ಏರುತ್ತದೆ ಅಂದರು. ರಕ್ತ ಹೋಗುವುದನ್ನು ಹೇಳಿದೆ. ಇಂಥವರಿಗೆ ಅದೆಲ್ಲ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ ಅಂತ ಕೆಂಪರಾಜುಗೆ ಹೇಳಿದರು. ಸರಿಯಾಗಿ ನೋಡಬೇಕೆಂದರೆ ಯಾರಿಂದಲಾದರೂ ಎತ್ತಿಸಿಕೊಂಡು ಬನ್ನಿ ಅಂದರು. ಕೆಂಪರಾಜು ಅಲ್ಲೇ ಅಂಗೈ ಒಡ್ಡಿದ. ಹೆಣ್ಣಿನ ಹೊಟ್ಟೆಯ ನೋವು ಗಂಡಿಗೆ ಹೋದೀತೇ? ಒತ್ತಿಹಿಡಿದು "ತಗೊಂಡೆ, ತಗೊಂಡೆ" ಅಂತ ಹೇಳಿದ್ದೇ ಹೇಳಿದ್ದು, ಕಣ್ಣಲ್ಲಿ ನೀರು ಬಂತೇ ಹೊರತು ನೋವು ಹೋಗಲಿಲ್ಲ. ಮಾತ್ರೆ ತಗೊಂಡು ಬಂದೆವು. ಆಮೇಲೂ ಹೋದೆವು, ಮಾತ್ರೆಯ ಬಣ್ಣ ಬದಲಾಯಿತು.

ಎತ್ತಿಕೊಳ್ಳುವ ಹೆಣ್ಣುಮಕ್ಕಳು ನನಗೆ ಯಾರಿದ್ದರು? ಅವ್ವ ತೀರಿಹೋಗಿದ್ದಳು. ಅಕ್ಕತಂಗಿಯರಿಲ್ಲ. ರಾಜಮ್ಮಣ್ಣಿಯನ್ನು ಕೇಳು ಅಂತ ಕೆಂಪರಾಜು ಹೇಳಿದಾಗ, ಸಾಯುತ್ತೇನೆ, ಕೇಳುವುದಿಲ್ಲ ಅಂದೆ. ಸಾಯುವುದಕ್ಕೇ ಹತ್ತಿರ ಬಂದೆ. ಒಂದು ದಿನ ಮೈಕಿನಲ್ಲಿ ಬಸ್ಸಿನ ಹೆಸರು ಅರ್ಧ ಹೇಳಿದ್ದೇನೆ, ಇನ್ನರ್ಧ ಬಾಯಿಂದ ಬರಲಿಲ್ಲ, ಅಲ್ಲೇ ಮೇಜಿಗೆ ತಲೆ ಹಚ್ಚಿಬಿಟ್ಟೆ. ನಿಲ್ದಾಣದ ಜನವೆಲ್ಲ ಆ ಅರ್ಧ ಹೆಸರು ಹಿಡಿದುಕೊಂಡು ಅತ್ತಿಂದಿತ್ತ ಓಡಿದರಂತೆ. ಅವತ್ತು ನನಗೆ ಹೇಳದೆ ಕೆಂಪರಾಜು ಅಣ್ಣನ ಮನೆಗೆ ಹೋದ.

ಮಾರನೇ ಬೆಳಿಗ್ಗೆ ರಾಜಮ್ಮಣ್ಣಿ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಗಂಟು ಹಾಕಿಕೊಂಡು, ಕೈಯಲ್ಲೊಂದು ಬುಟ್ಟಿ ಹಿಡಿದು, ಆಸ್ಪತ್ರೆಯ ಜಗಲಿಯಲ್ಲಿ ನಿಂತಿದ್ದಳು. ಮೂರು ಮಕ್ಕಳ ತಾಯಿ, ಹೆಗಲು ಅಗಲವಾದ ಹೆಂಗಸು. ನನ್ನನ್ನು ನೋಡಿ, "ಬೇಗ ಕೊಡು, ಸಾಯಂಕಾಲ ಹಿಟ್ಟು ಬೀಸಿಸೋಕೆ ಹೋಗ್ಬೇಕು" ಅಂದಳು. ನಾನೂ ಮುಖ ಆಚೆ ಮಾಡಿಕೊಂಡೇ ಅಂಗೈ ಒಡ್ಡಿದೆ. ಕೊಟ್ಟೆ ಅಂದೆ. ತಗೊಂಡೆ ಅಂದಳು.

ನನ್ನ ಹೊಟ್ಟೆ ಹಗುರವಾಯಿತು. ಎಷ್ಟು ತಿಂಗಳ ಮೇಲೆ! ಉಸಿರು ಪೂರ್ತಿ ಒಳಗೆ ಎಳೆದುಕೊಂಡೆ. ಅಷ್ಟರಲ್ಲಿ ರಾಜಮ್ಮಣ್ಣಿ ಬುಟ್ಟಿ ಬಿಸಾಕಿ ಕಂಬ ಹಿಡಿದುಕೊಂಡು ಕುಸಿದಳು.

"ಅಯ್ಯೋ ನಿನ್ ಮನೆ ಕಾಯ್ವಾಗ! ಇದನ್ನ ಇಟ್ಕೊಂಡು ನೀನು ದಿನಾ ಬಸ್ ಕೂಗ್ತಿದ್ಯೇನೇ?" ಅಂತ ಕಿರುಚಿದಳು. "ಅವ್ವಾ... ಯಾರಾದ್ರೂ ಬರ್ರಪ್ಪೋ!"

ಬಂದರು. ಎಲ್ಲಿದ್ದರೋ ಅಷ್ಟು ಜನ! ನಾನು ಬಂದಾಗ ಒಬ್ಬರೂ ಕಾಣದ ಜಗಲಿಯಲ್ಲಿ ಎರಡು ಕಡೆಯಿಂದ ಓಡಿ ಬಂದರು. ಸ್ಟ್ರೆಚರ್ ಬಂತು, ಸಿಸ್ಟರ್ ಜಯಶೀಲ ಬಂದರು. "ಅಮ್ಮಾ ಹೆದರ್ಕೋಬೇಡಿ, ಎಲ್ಲಿ ನೋವು ಹೇಳಿ" ಅಂತ ಅವಳ ಹೊಟ್ಟೆಯನ್ನು ಅಲ್ಲೇ, ದಾರಿಯಲ್ಲೇ, ಮುಟ್ಟಿ ನೋಡಿದರು. ದೊಡ್ಡ ಡಾಕ್ಟರು ಕಾಫಿ ಲೋಟ ಬಿಟ್ಟು ಎದ್ದು ಬಂದರು. ಎಲ್ಲರೂ ಅವಳನ್ನು ತಳ್ಳಿಕೊಂಡು ಓಡಿದರು. ನನ್ನ ನೋವು ಅಷ್ಟು ಮರ್ಯಾದೆಯಿಂದ ಹೋಗುವುದನ್ನು ನಾನು ಹಿಂದಿನಿಂದ ನೋಡಿದೆ. ಗಾಡಿಯ ಕೈಪೆಡಲು ತಿರುವುತ್ತಾ ಬೆನ್ನಟ್ಟಿದೆ. ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಸಿಸ್ಟರ್ ಕೈ ಅಡ್ಡ ಹಿಡಿದರು.

"ಪೇಷಂಟ್ ಕಡೆಯವರು ಹೊರಗಿರಿ."

"ನಾನೇ ಪೇಷಂಟು ಸಿಸ್ಟರ್."

"ಆಯ್ತಮ್ಮ, ಆಯ್ತು. ಈಗ ಹೊರಗಿರು." ಬಾಗಿಲು ಹಾಕಿಕೊಂಡಿತು. ಕೆಂಪರಾಜು ಬಾಗಿಲು ತಟ್ಟಲು ಹೋದ. ಬೇಡ ಅಂದೆ. ನನಗೆ ನಗು ಬಂದುಬಿಟ್ಟಿತ್ತು. ಆ ನಗು ಒಳ್ಳೆಯ ನಗುವಲ್ಲ.

ಎಲ್ಲ ಪರೀಕ್ಷೆ ಮುಗಿಯುವಾಗ ಮಧ್ಯಾಹ್ನ ಜಾರಿತ್ತು. ರಾಜಮ್ಮಣ್ಣಿಯನ್ನು ಹೆಂಗಸರ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿಸಿದ್ದರು. ಚುಚ್ಚುಮದ್ದು ಕೊಟ್ಟು ನೋವು ತಗ್ಗಿಸಿದ್ದರು. ನನಗೆ ಆ ಚುಚ್ಚುಮದ್ದು ಇದೆ ಅಂತಲೂ ಗೊತ್ತಿರಲಿಲ್ಲ. ದೊಡ್ಡ ಡಾಕ್ಟರು ಮಂಚದ ಅಂಚಿನಲ್ಲಿ ಕೂತು, ಅವಳ ಮುಖ ನೋಡಿಕೊಂಡು, ಅವಳಿಗೇ ಹೇಳಿದರು, "ಗಾಬರಿಯಾಗಬೇಡಿ. ಗರ್ಭಕೋಶದಲ್ಲಿ ಒಂದು ಗಡ್ಡೆ ಇದೆ, ನಿಂಬೆಹಣ್ಣಿನಷ್ಟು. ಅಪಾಯದ್ದಲ್ಲ. ಗಡ್ಡೆ ಒಂದನ್ನೇ ತೆಗೀತೀವಿ, ಗರ್ಭಕೋಶ ಹಾಗೇ ಉಳಿಸ್ತೀವಿ. ಸ್ವಲ್ಪ ನಾಜೂಕಿನ ಕೆಲಸ, ಆದ್ರೆ ನಾನೇ ಮಾಡ್ತೀನಿ. ಆಮೇಲೆ ನೀವು ಮೊದಲಿನ ಹಾಗೇ ಇರಬಹುದು."

ಗಡ್ಡೆ ಒಂದೇ! ಗರ್ಭಕೋಶ ಉಳಿಯುತ್ತದೆ! ಕೆಂಪರಾಜುವಿನ ಕೈ ಹಿಡಿದುಕೊಂಡೆ.

ರಾಜಮ್ಮಣ್ಣಿ ಹೇಳಿದಳು, "ಇದು ನಂದಲ್ಲ ಡಾಕ್ಟ್ರೆ. ನಾನು ಎತ್ಕೊಂಡು ಬಂದಿರೋದು. ಅಗೋ, ನಮ್ ತಾಯಮ್ಮಂದು."

ಡಾಕ್ಟರು ತಿರುಗಿ ನನ್ನ ಗಾಡಿ ನೋಡಿದರು. ಎದ್ದು ನಿಂತರು. "ಓ, ಇವರದಾ?" ಅಂದರು. ಕೆಂಪರಾಜು ಕಡೆಗೆ ಬಂದು, ಅದೇ ಮೆತ್ತಗಿನ ದನಿಯಲ್ಲಿ, "ಹಾಗಾದ್ರೆ ಪೂರ್ತಿ ತೆಗೆದುಬಿಡೋಣಪ್ಪ. ಇವರ ವಿಷಯದಲ್ಲಿ ಅದೇ ಒಳ್ಳೇದು" ಅಂದರು.

"ಪೂರ್ತಿ ಅಂದ್ರೆ?" ಅಂದೆ.

"ಗರ್ಭಕೋಶಾನೇ ತೆಗೆಯೋದು," ಅಂತ ಅವರು ಕೆಂಪರಾಜುಗೆ ಹೇಳಿದರು. "ಗಡ್ಡೆ ಮತ್ತೆ ಬರೋ ತಾಪತ್ರಯ ಇರಲ್ಲ. ತಿಂಗಳು ತಿಂಗಳು ಇವರನ್ನ ನೋಡ್ಕೊಳ್ಳೋ ಕಷ್ಟಾನೂ ತಪ್ಪುತ್ತೆ ನಿಮಗೆ."

"ನನ್ನನ್ನು ನಾನೇ ನೋಡ್ಕೊಳ್ತೀನಿ ಡಾಕ್ಟ್ರೆ. ಇಲ್ಲಿ ನೋಡಿ. ಅದೇ ಗಡ್ಡೆ ಅಲ್ವಾ? ಈಗ ತಾನೆ ಅಕ್ಕನಿಗೆ ಏನು ಹೇಳಿದ್ರಿ? ಅವಳ ಹೊಟ್ಟೇಲಿದ್ರೆ ಉಳಿಸೋದು, ನನ್ನ ಹೊಟ್ಟೆಗೆ ಬಂದ್ರೆ ಕಿತ್ತು ಬಿಸಾಕೋದಾ?"

"ಸಿಟ್ಟು ಮಾಡ್ಕೋಬಾರದಮ್ಮ," ಅಂದರು. ಮೊದಲ ಸಲ ನನಗೇ ಆಡಿದ ಮಾತು ಅದು.

"ನಮಗೆ ಮಗು ಬೇಕು ಸಾರ್," ಅಂದ ಕೆಂಪರಾಜು.

ಡಾಕ್ಟರು ಅವನ ಹೆಗಲ ಮೇಲೆ ಕೈ ಹಾಕಿದರು. ಮಕ್ಕಳು ಚಂದ್ರ ಬೇಕು ಅಂದಾಗ ದೊಡ್ಡವರು ನಗುತ್ತಾರಲ್ಲ, ಹಾಗೆ ನಕ್ಕರು. "ಇವರಿಗೆ ಹೊರೋಕೆ ಆಗುತ್ತಾ? ಹೆತ್ತರೂ ಎತ್ತಿ ಆಡಿಸೋರು ಯಾರು? ನೀವು ಇಬ್ಬರನ್ನ ನೋಡ್ಕೊಳ್ಳಬೇಕಾಗುತ್ತೆ. ಯೋಚನೆ ಮಾಡಿ."

ಹೇಳುವುದು ಬೇಕಾದಷ್ಟಿತ್ತು. ನನ್ನ ಸೊಂಟ, ನನ್ನ ಹೊಟ್ಟೆ, ಇವನ್ನು ಒಂದು ದಿನವಾದರೂ ಮುಟ್ಟಿ ನೋಡಿದ್ದಾರಾ ಈ ಮನುಷ್ಯ, ಹೊರಲು ಆಗುವುದಿಲ್ಲ ಅಂತ ಹೇಗೆ ತಿಳಿಯಿತು? ಬಾಯಿಗೆ ಬಂದದ್ದು ಬೇರೆ ಮಾತು. "ನೋವು ಕಾಲಿಂದ ಬಂದದ್ದು ಅಂದ್ರಲ್ಲ? ಅಕ್ಕನ ಕಾಲು ನೋಡಿ, ನೆಟ್ಟಗೆ ಇದಾವೆ. ನನ್ನ ಕಾಲಿಂದೇ ಆಗಿದ್ರೆ ಅವಳಿಗೆ ಹೋಗ್ತಿತ್ತಾ? ಇಷ್ಟು ತಿಂಗಳು ಸುಳ್ಳೇ ಮಾತ್ರೆ ತಿನ್ನಿಸಿದ್ರಲ್ಲ!"

"ಅದೆಲ್ಲ ಈಗ ಯಾಕೆ?" ಅಂದರು. ಸಿಟ್ಟಿಲ್ಲ, ಏನಿಲ್ಲ. ಸಿಸ್ಟರ್ ಕಡೆ ತಿರುಗಿ, "ಹೊತ್ತು ಮುಳುಗೋದ್ರೊಳಗೆ ಇವರಿಗೆ ವಾಪಸ್ ಕೊಡಿಸಿ, ನಾಳೆ ಬೆಳಿಗ್ಗೆ ಆಪರೇಷನ್ನಿಗೆ ತಯಾರು ಮಾಡಿ. ಒಪ್ಪಿಗೆ ಗಂಡನ ಹತ್ರ ತಗೊಳ್ಳಿ" ಅಂತ ಹೇಳಿ ಹೊರಟರು.

ಕಿಟಕಿಯ ಬಿಸಿಲು ಹಳದಿಯಾಗುತ್ತಿತ್ತು. ವಾರ್ಡಿನ ಇತರ ಹೆಂಗಸರು ತಮ್ಮ ತಮ್ಮ ಎತ್ತಿಕೊಂಡವರನ್ನು ಕರೆದು ಕೈ ಸೇರಿಸಿ, ಕೊಟ್ಟೆ ತಗೊಂಡೆ ಮುಗಿಸುತ್ತಿದ್ದರು. ನಾನು ಮಂಚದ ಪಕ್ಕಕ್ಕೆ ಗಾಡಿ ತಂದು ಎರಡೂ ಅಂಗೈ ಒಡ್ಡಿದೆ.

"ಕೊಡಕ್ಕ. ಬೆಳಿಗ್ಗೆ ಮೊದಲನೇ ಬಸ್ಸಿಗೆ ಬೇರೆ ಊರಿಗೆ ಹೋಗ್ತೀವಿ. ಅಲ್ಲಿ ಎಲ್ಲಾದ್ರೂ ತೋರಿಸ್ತೀನಿ."

"ಅಲ್ಲಿಯವ್ರೇನು ಇವರಿಗಿಂತ ಬೇರೆ ಥರ ಇರ್ತಾರಾ?" ಅಂದಳು ರಾಜಮ್ಮಣ್ಣಿ. ಗೋಡೆಗೆ ಒರಗಿ ಕೂತಿದ್ದಳು. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಳು. "ಅಲ್ಲೂ ನನ್ನೇ ಕರ್ಕೊಂಡ್ ಬಾ ಅಂತಾರೆ. ಅಲ್ಲೂ ಇದೇ ಕಥೆ."

"ಅದು ನನ್ನ ಹಣೆಬರಹ. ನೀನು ಕೊಡು."

"ಕೊಡಲ್ಲ."

ಕೆಂಪರಾಜು ಬೆಚ್ಚಿಬಿದ್ದ. "ಅತ್ತಿಗೆ, ಹುಡುಗಾಟ ಆಡ್ಬೇಡಿ. ಹೊತ್ತಾಗ್ತಾ ಐತೆ. ಅಣ್ಣ ನನ್ನ ಕೊಂದೇ ಹಾಕ್ತಾನೆ."

"ನಿಮ್ಮಣ್ಣಂಗೆ ನಾನು ಹೇಳ್ಕೋತೀನಿ, ನೀನು ಬಾಯಿ ಮುಚ್ಚು." ಅವಳು ನನ್ನ ಕಡೆ ತಿರುಗಿದಳು. "ಬೆಳಿಗ್ಗೆಯಿಂದ ನನ್ನ ಮುಟ್ಟಿ ಮುಟ್ಟಿ ನೋಡವ್ರೆ ಕಣೇ. ಸೂಜಿ ಚುಚ್ಚುವಾಗ ತಲೆ ಸವರಿದ್ರು. ನಿನ್ನ ಮೈಮೇಲೆ ಒಬ್ರಾದ್ರೂ ಕೈ ಇಟ್ರಾ? ನಿಂದು ಅಂತ ನಾನು ಹೇಳಿದ ತಕ್ಷಣ ನಿಂಬೆಹಣ್ಣು ಕುಂಬಳಕಾಯಿ ಆಗೋಯ್ತಾ? ನಿನ್ ಕೈಗೆ ಕೊಟ್ರೆ ಆ ಮನುಷ್ಯನ ಕತ್ತರಿಗೆ ಕೊಟ್ಟಂಗೆ. ನನ್ ಹೊಟ್ಟೇಲೇ ಕುಯ್ಲಿ, ಹೋಗು."

"ನೀನು ಯಾರೇ ತೀರ್ಮಾನ ಮಾಡೋಕೆ?" ಅಂತ ಕೂಗಿದೆ. ವಾರ್ಡೆಲ್ಲ ತಿರುಗಿ ನೋಡಿತು. "ಅದು ನನ್ನ ಗಡ್ಡೆ. ನನ್ನ ಹೊಟ್ಟೆ. ಆ ಡಾಕ್ಟ್ರೂ ನನ್ನ ಕೇಳಲಿಲ್ಲ, ನೀನೂ ಕೇಳ್ತಿಲ್ಲ. ನಿನಗೂ ಅವರಿಗೂ ಏನೇ ವ್ಯತ್ಯಾಸ?"

"ಕೇಳಿದ್ರೆ ನೀನು ಬೇಡ ಅಂತೀಯ. ಅದ್ಕೇ ಕೇಳಲ್ಲ."

ನಾನು ಗಾಡಿಯಿಂದ ಮುಂದಕ್ಕೆ ಬಾಗಿ ಅವಳ ಮೊಣಕೈ ಹಿಡಿದು ಎಳೆದೆ. ಬಸ್ಸಿನ ಚಕ್ರ ಬಿಚ್ಚಿ ಹಾಕುವ ಗಂಡನಿಗಿಂತ ನನ್ನ ತೋಳಲ್ಲಿ ಶಕ್ತಿ ಹೆಚ್ಚು, ಬಾಲ್ಯದಿಂದ ಗಾಡಿ ತಿರುವಿದ ತೋಳು. ಕೈ ಕಂಕುಳಿಂದ ಈಚೆ ಬಂತು. ಆದರೆ ಅವಳು ಮುಷ್ಟಿ ಬಿಗಿದಿದ್ದಳು. ಬೆರಳು ಬಿಡಿಸಿದೆ. ಅಂಗೈಗೆ ಅಂಗೈ ತಾಗಿಸಿ "ತಗೊಂಡೆ" ಅಂದೆ. ಅವಳು ತುಟಿ ಕಚ್ಚಿಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು. ಕೊಟ್ಟೆ ಅನ್ನಲಿಲ್ಲ. ಅವಳ ಕೈ ಬೆವರಿ ತಣ್ಣಗಾಗಿತ್ತು, ಚುಚ್ಚುಮದ್ದಿನ ಜೋರು ಇಳಿದು ನೋವು ಮತ್ತೆ ಏರುತ್ತಿತ್ತು. ಅದು ಹೇಗಿರುತ್ತದೆ ಅಂತ ಆ ಊರಲ್ಲಿ ನನಗೊಬ್ಬಳಿಗೇ ಗೊತ್ತು. ಈಗ ಅವಳಿಗೂ ಗೊತ್ತು.

ಹಾಗೆ ಕೈ ಹಿಡಿದುಕೊಂಡೇ ಇದ್ದೆವು. ಗೋಡೆಯ ಮೇಲಿನ ಬಿಸಿಲು ಮೇಲಕ್ಕೆ ಹೋಯಿತು, ಸೂರಿಗೆ ತಾಗಿತು, ಹೋಯಿತು. ಸಿಸ್ಟರ್ ಜಯಶೀಲ ಬಂದು ದೀಪ ಹಾಕಿದರು. ವಾಪಸ್ಸು ಆಯಿತಾ ಅಂತ ಕೇಳಿದರು. ಅವರು ರಾಜಮ್ಮಣ್ಣಿಯ ಹಣೆಯ ಬೆವರು ನೋಡಿ, "ಅಯ್ಯಯ್ಯೋ!" ಅಂತ ಡಾಕ್ಟರನ್ನು ಕರೆಯಲು ಓಡಿದರು. ನನಗೆ ಸಿಟ್ಟು, ಅಳು, ಅದರ ಜೊತೆಗೆ ಹೊಟ್ಟೆಯಲ್ಲಿ ಆ ಹಾಳು ಹಗುರ. ಆ ಹಗುರ ಹಿತವಾಗಿತ್ತು ಅಂತ ಹೇಳಲು ನಾಚಿಕೆಯಾಗುತ್ತದೆ, ಆದರೂ ಹಿತವಾಗಿತ್ತು.

ಡಾಕ್ಟರು ಬಂದು ತಲೆ ಚಚ್ಚಿಕೊಂಡರು. "ಒಳ್ಳೆ ಮೈಗೆ ಯಾಕಮ್ಮ ಗಾಯ ಮಾಡಿಸ್ಕೊಳ್ತೀರಿ?" ಅಂತ ರಾಜಮ್ಮಣ್ಣಿಯನ್ನು ಬೈದರು. ಬೈಯುವಾಗಲೂ ಅವಳ ನಾಡಿ ಹಿಡಿದುಕೊಂಡಿದ್ದರು. ಭಾವ ಬಂದು ಕೂಗಾಡಿದರು, ನನ್ನ ಮುಖ ನೋಡದೆ. ಅವರ ಮೇಲೆ ನನಗೆ ಬೇಜಾರಿಲ್ಲ. ನನ್ನ ಗಂಡನಿಗೆ ಹಾಗಾಗಿದ್ದರೆ ನಾನು ಅದಕ್ಕಿಂತ ಜೋರಾಗಿ ಕೂಗುತ್ತಿದ್ದೆ.

ಬೆಳಿಗ್ಗೆ ಆಪರೇಷನ್ ಆಯಿತು. ನಾಜೂಕಿನ ಕೆಲಸವಂತೆ, ಬಹಳ ಹೊತ್ತು ಹಿಡಿಯಿತು. ನಾನು ಬಸ್ ನಿಲ್ದಾಣಕ್ಕೆ ರಜೆ ಹಾಕಿ ಬಾಗಿಲ ಹೊರಗೆ ಕೂತಿದ್ದೆ. ಅವಳಿಗೆ ಏನಾದರೂ ಆದರೆ ಅವಳ ಮೂರು ಮಕ್ಕಳ ಮುಖ ಹೇಗೆ ನೋಡಲಿ ಅಂತ ಒಂದು ಗಳಿಗೆ. ಒಳಗೆ ಮಲಗಬೇಕಾದವಳು ನಾನು, ನನ್ನನ್ನೇಕೆ ಇಲ್ಲಿ ಕೂರಿಸಿದಿರಿ ಅಂತ ಇನ್ನೊಂದು ಗಳಿಗೆ. ದೇವರಿಗೆ ಹರಕೆ ಹೊರಲೂ ಆಗಲಿಲ್ಲ. ಯಾರಿಗೆ ಒಳ್ಳೆಯದಾಗಲಿ ಅಂತ ಹೊರುವುದು?

ಏನೂ ಆಗಲಿಲ್ಲ. ಚೆನ್ನಾಗಿಯೇ ಆಯಿತು. ಎರಡು ದಿನಕ್ಕೆ ರಾಜಮ್ಮಣ್ಣಿ ಎದ್ದು ಕೂತು ಗಂಜಿ ಕುಡಿದಳು. ಮೂರನೇ ದಿನ, ಗಂಜಿಗೆ ಉಪ್ಪಿಲ್ಲ ಅಂತ ಜಗಳ ತೆಗೆದಳು. ಅವಳ ಮಂಚದ ಸುತ್ತ ಜನವೋ ಜನ. ಎಳನೀರು, ಕಿತ್ತಳೆ ಹಣ್ಣು. ನೆಂಟರೆಲ್ಲ ಅವಳನ್ನು ದೇವತೆ ಅಂದರು, ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟರು. ನಾನು ಅವಳ ತಲೆ ಬಾಚಿದೆ, ಬೆನ್ನು ಒರೆಸಿದೆ. ಥ್ಯಾಂ‌ಕ್ಸ್ ಅಂತ ಹೇಳಲು ಬಾಯಿ ತೆರೆದಾಗಲೆಲ್ಲ ಸಿಟ್ಟು ಅಡ್ಡ ಬಂತು. ಅವಳಿಗೂ ಅದು ಬೇಕಿರಲಿಲ್ಲ ಅಂತ ಕಾಣುತ್ತದೆ. "ಜಡೆ ಬಿಗಿ ಆಯ್ತು, ಸಡ್ಲ ಮಾಡು" ಅಂದಳು, ಅಷ್ಟೇ.

ನಾಲ್ಕನೇ ದಿನ ಬೆಳಿಗ್ಗೆ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದರು. ಹಿಂದೆ ಸಿಸ್ಟರ್, ಕಲಿಯುವ ಡಾಕ್ಟರುಗಳು. ರಾಜಮ್ಮಣ್ಣಿಯ ಹೊಲಿಗೆ ನೋಡಿ, ಮುಖವೆಲ್ಲ ಅರಳಿಸಿಕೊಂಡು, "ಬಹಳ ಚೆನ್ನಾಗಿ ಮಾಯ್ತಿದೆ. ಗಡ್ಡೆ ಮಾತ್ರ ತೆಗೆದಿದೀವಿ ನೋಡಿ. ಗರ್ಭಕೋಶಕ್ಕೆ ಧಕ್ಕೆಯಾಗದ ಹಾಗೆ ಜೋಪಾನ ಮಾಡಿದೀವಿ" ಅಂತ ಕಲಿಯುವವರಿಗೂ ಕೇಳಿಸುವಂತೆ ಹೇಳಿದರು.

ರಾಜಮ್ಮಣ್ಣಿ ಸೆರಗು ಸರಿಮಾಡಿಕೊಂಡಳು. "ನನ್ ಕೊನೇ ಮಗಳು ದೊಡ್ಡೋಳಾಗಿ ವರ್ಷ ಆಯ್ತು ಸ್ವಾಮಿ. ನಂಗೆ ಮುಟ್ಟು ನಿಲ್ಲೋ ಕಾಲ. ಅದನ್ನ ಉಳಿಸ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?"

ಕಲಿಯುವ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಡಾಕ್ಟರೂ ನಕ್ಕರು. "ಇರ್ಲಿ ಬಿಡಿ ತಾಯಿ," ಅಂದರು. "ಹೆಂಗಸು ಅಂದಮೇಲೆ ಅದು ಇರಬೇಕು."

ನಾನು ಅಲ್ಲೇ ಇದ್ದೆ. ಮಂಚದ ಈ ಬದಿಯಲ್ಲಿ, ಕೈಯಲ್ಲಿ ಬಾಚಣಿಗೆ ಹಿಡಿದುಕೊಂಡು, ಹೆಂಗಸಾಗಿಯೇ ಇದ್ದೆ. ಅವರು ನನ್ನ ಪಕ್ಕ ಹಾದುಹೋಗುವಾಗ ನಿಂತು, ನನ್ನ ತಲೆಯ ಮೇಲೆ ಕೈ ಇಟ್ಟು ಎರಡು ಸಲ ತಟ್ಟಿದರು. ಇಷ್ಟು ತಿಂಗಳಲ್ಲಿ ಅವರ ಕೈ ನನಗೆ ತಾಗಿದ್ದು ಅದೊಂದೇ ಸಲ. "ಅಂತೂ ನೋವು ಹೋಯ್ತಲ್ಲ. ಸಂತೋಷ ತಾನೆ?" ಅಂದರು.

ನಾನು ಅವರ ಕೈಯನ್ನು ತಲೆಯಿಂದ ತೆಗೆದು ಪಕ್ಕಕ್ಕೆ ಇಟ್ಟೆ. "ನನ್ನ ಗಡ್ಡೆಗೆ ಬಹಳ ಚೆನ್ನಾಗಿ ಚಿಕಿತ್ಸೆ ಮಾಡಿದ್ರಿ ಡಾಕ್ಟ್ರೆ," ಅಂದೆ. ಮೈಕಿನಲ್ಲಿ ಮಾತಾಡುವ ದನಿಯಲ್ಲೇ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಹೇಳಿದೆ. "ನನಗೆ ಯಾವಾಗ ಮಾಡ್ತೀರಿ?"

ರಾಜಮ್ಮಣ್ಣಿ ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿದಳು. ಡಾಕ್ಟರು ಒಂದು ಕ್ಷಣ ನನ್ನ ಕಡೆ ನೋಡಿದ ಹಾಗೆ ಮಾಡಿ, ನನ್ನ ಗಾಡಿಯ ಹಿಂದೆ ನಿಂತಿದ್ದ ಕೆಂಪರಾಜುವನ್ನು ಕೇಳಿದರು, "ಏನಂತೆ ಇವರಿಗೆ?"

ಕೆಂಪರಾಜು ಬಾಯಿ ಬಿಡಲಿಲ್ಲ. ಡಾಕ್ಟರು ಅವನ ಮುಖವನ್ನೇ ನೋಡುತ್ತಾ ಸ್ವಲ್ಪ ಹೊತ್ತು ಉತ್ತರಕ್ಕೆ ಕಾದರು. ಆಮೇಲೆ ಮುಂದಿನ ಮಂಚಕ್ಕೆ ಹೋದರು.